ಹಕಾರ ಬಿಟ್ಟ ಸೀಮೆಯಲ್ಲಿ ಕಾಗುಣಿತ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳ ಆಡುಮಾತಿನಲ್ಲಿ ಪದದ ಮೊದಲಿನ ಹಕಾರ ಬಹುಮಟ್ಟಿಗೆ ಬಿದ್ದುಹೋಗುತ್ತದೆ. ಹಾಲು ಆಲಾಗುತ್ತದೆ, ಹೆಂಡ ಎಂಡವಾಗುತ್ತದೆ, ಖ, ಘ, ಧ, ಭಗಳಂತಹ ಮಹಾಪ್ರಾಣಗಳು, ಎಂದರೆ ಉಸಿರೊತ್ತಿ ನುಡಿಯಬೇಕಾದ ಅಕ್ಷರಗಳು, ಅಲ್ಪಪ್ರಾಣಗಳಲ್ಲಿ ಬೆರೆತುಹೋಗುತ್ತವೆ. ಹಳೆಯ ಮೈಸೂರಿನ ಬಹುಭಾಗಕ್ಕೆ ಸಲ್ಲುವ ಈ ಲಕ್ಷಣವನ್ನು ಅನಕ್ಷರತೆಯ ಗುರುತೆಂದು ನಗುವ ಪಟ್ಟಣಿಗರ ರೂಢಿ ಅನ್ಯಾಯದ್ದು, ಏಕೆಂದರೆ ಇದರ ಹಿಂದೆ ಭಾಷೆಯ ದೀರ್ಘ ಚರಿತ್ರೆಯಿದೆ. ಹಳಗನ್ನಡದ ಪಾಲ್, ಪಕ್ಕಿ, ಪಾಡು ಎಂಬ ಪದಗಳ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಗಿ ಅವು ಹಾಲು, ಹಕ್ಕಿ, ಹಾಡು ಎಂದಾದವು. ಈ ಸೀಮೆಯ ಮಾತು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು, ಬರಹ ಹಕಾರದಲ್ಲೇ ನಿಂತಿತು.

ಮಾತು ಹೀಗೆ ಮುಂದೆ ಸರಿದಾಗ ಬರೆಯುವವರಿಗೆ ಆಸರೆ ಬೇಕಾಗುವುದು ಹೊಸತಲ್ಲ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರವಿರುವ ಪದಗಳನ್ನು ಪಟ್ಟಿಮಾಡಿಕೊಟ್ಟನು, ಆ ಧ್ವನಿ ಆಗಲೇ ಬಳಕೆಯಿಂದ ಜಾರುತ್ತಿದ್ದುದರಿಂದ, ಕಿವಿಗೆ ತಿಳಿಯದ ಭೇದವನ್ನು ಕವಿಗಳು ಪಟ್ಟಿ ನೋಡಿಯೇ ಕಲಿಯಬೇಕಾಗಿತ್ತು. ಹಳ್ಳಿಗಳಲ್ಲಿ ಆ ಆಸರೆ ಕೂಲಿಮಠದ್ದು, ಅಂದರೆ ಊರವರು ಕೊಡುವ ಕಾಸು ಮತ್ತು ಕಾಳಿನಿಂದ ನಡೆಯುತ್ತಿದ್ದ ಅಯ್ಯನವರ ಶಾಲೆಯದು. ಅಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತ ಕಾಗುಣಿತವನ್ನು ರಾಗವಾಗಿ ಒಪ್ಪಿಸುತ್ತಿದ್ದರು. 1868ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂದ ಮೇಲೆ ಅಚ್ಚಿನ ಪಠ್ಯಪುಸ್ತಕ ಹಳ್ಳಿಯತ್ತ ನಡೆಯಿತು. ಶಾಲೆಗಳಲ್ಲಿ ಬೇರೂರಿದ ಉಕ್ತಲೇಖನ, ಎಂದರೆ ಮೇಷ್ಟ್ರು ಹೇಳಿದ್ದನ್ನು ಕೇಳಿ ಬರೆಯುವ ಅಭ್ಯಾಸ, ಕಿವಿಗೆ ಬಿದ್ದದ್ದೇ ಅಕ್ಷರವೆಂಬ ನಂಬಿಕೆಯ ಮೇಲೆ ನಿಂತದ್ದು; ಮನೆಯಲ್ಲಿ ಹಕಾರವನ್ನೇ ಕೇಳದ ಮಗುವಿಗೆ ಅದು ಎರಡು ಪಟ್ಟು ಕಷ್ಟದ ಕೆಲಸ. ಹಕಾರ ತಪ್ಪೀತೆಂಬ ಭಯದಿಂದ ಅಕ್ಕಿಯನ್ನು ಹಕ್ಕಿಯೆಂದು ಬರೆಯುವ ಅತಿತಿದ್ದುವಿಕೆಯೂ ಆ ಕಷ್ಟದಿಂದಲೇ ಹುಟ್ಟಿದ್ದು.

ರಾಮನಗರದಲ್ಲೇ ಹುಟ್ಟಿದ ಜಿ. ಪಿ. ರಾಜರತ್ನಂ ಈ ಹೊರೆಯನ್ನು ತಲೆಕೆಳಗು ಮಾಡಿದರು. 1930ರ ದಶಕದಲ್ಲಿ ಬಂದ ಅವರ ರತ್ನನ ಪದಗಳಲ್ಲಿ ಕುಡುಕ ರತ್ನನ ಮಾತು ಬಾಯಲ್ಲಿ ಇದ್ದ ಹಾಗೆಯೇ ಅಚ್ಚಾಯಿತು. ‘ಎಂಡ್ಕುಡ್ಕ’ ಎಂಬ ರೂಪ ಆಗ ತಪ್ಪು ಬರಹವಾಗಿ ಉಳಿಯದೆ, ತನ್ನದೇ ನಿಯಮವುಳ್ಳ ಕಾವ್ಯಭಾಷೆಯಾಗಿ ಓದುಗರ ಕಣ್ಣಿಗೆ ಕಂಡಿತು. ಹಳೆಯ ಮೈಸೂರಿನ ಬರಹದ ಚರಿತ್ರೆಯಲ್ಲಿ ಇದಕ್ಕಿಂತ ದಿಟ್ಟವಾದ ಕಾಗುಣಿತದ ತೀರ್ಮಾನ ಬಹುಶಃ ಇನ್ನೊಂದಿಲ್ಲ.

1998ರಲ್ಲಿ ಬಂದ ‘ಬರಹ’ ಮತ್ತು ಆನಂತರದ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಗಳಿಂದ ಕಂಪ್ಯೂಟರಿನಲ್ಲಿ ಕನ್ನಡದ ಬರವಣಿಗೆ ಸುಲಭವಾಯಿತು, ಆದರೆ ಕಾಗುಣಿತ ಪರೀಕ್ಷೆ, ಅಂದರೆ ಸ್ಪೆಲ್‌ಚೆಕ್, ಅಷ್ಟು ಸುಲಭವಾಗಿ ಒದಗಲಿಲ್ಲ. ಬರೆದ ಪದವನ್ನು ತನ್ನ ಪಟ್ಟಿಯೊಡನೆ ಹೋಲಿಸುವ ಸರಳ ಪರೀಕ್ಷಕ, ಒಂದೇ ನಾಮಪದ ವಿಭಕ್ತಿ, ಸಂಧಿ, ಅವ್ಯಯಗಳನ್ನು ಅಂಟಿಸಿಕೊಂಡು ‘ಚನ್ನಪಟ್ಟಣದವರಾಗಿದ್ದುದರಿಂದಲೇ’ ಎಂದು ಬೆಳೆಯುವ ಕನ್ನಡದಲ್ಲಿ ಸರಿಯಾದ ಪದಕ್ಕೂ ಕೆಂಪು ಗೆರೆ ಎಳೆಯುತ್ತದೆ. ಚನ್ನಪಟ್ಟಣ, ಚೆನ್ನಪಟ್ಟಣ ಎಂಬೆರಡು ರೂಪಗಳೂ ಬಳಕೆಯಲ್ಲಿರುವಾಗ ಪಟ್ಟಿಯಲ್ಲಿ ಯಾವುದಿರಬೇಕೆಂಬುದೂ ಪ್ರಶ್ನೆಯೇ. ಈ ಸೀಮೆಯವರಿಗೆ ಇನ್ನೂ ದೊಡ್ಡ ತೊಡಕೆಂದರೆ, ಅಕ್ಕಿ ಮತ್ತು ಹಕ್ಕಿ, ಆಡು ಮತ್ತು ಹಾಡು, ಅಲ್ಲಿ ಮತ್ತು ಹಲ್ಲಿ, ಆದಿ ಮತ್ತು ಹಾದಿ ಎಲ್ಲವೂ ನಿಘಂಟಿನಲ್ಲಿರುವ ಪದಗಳಾದ್ದರಿಂದ, ಒಂದರ ಜಾಗದಲ್ಲಿ ಇನ್ನೊಂದು ಕೂತರೂ ಇಂಥ ಪರೀಕ್ಷಕ ಸುಮ್ಮನಿರುತ್ತದೆ, ರಾಜರತ್ನಂ ಬೇಕೆಂದೇ ಬರೆದ ಎಂಡವನ್ನು ಮಾತ್ರ ತಪ್ಪೆನ್ನುತ್ತದೆ. ಅಕ್ಕಪಕ್ಕದ ಪದಗಳ ಅರ್ಥವನ್ನು ನೋಡಿ ಇಂಥ ಜೋಡಿಗಳನ್ನು ಬೇರ್ಪಡಿಸಬಲ್ಲ ತಂತ್ರಾಂಶವನ್ನು ಕಟ್ಟುವವರು ಅಚ್ಚಿನ ಕನ್ನಡವೊಂದನ್ನೇ ನೆಚ್ಚದೆ, ಮಾಗಡಿ, ಕನಕಪುರದ ಮಕ್ಕಳ ಬರವಣಿಗೆಯ ಪುಸ್ತಕಗಳಿಂದಲೂ ಮಾದರಿಗಳನ್ನು ಸಂಗ್ರಹಿಸಬೇಕಾಗುತ್ತದೆ.