ಆಕಾಶದಲ್ಲೊಂದು ಸಂತೆ

ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲಗಳ ಕಡೆಗೆ ಹೊರಟವರಿಗೆ ದಾರಿಯಲ್ಲಿ ಸಂತೆಮರಹಳ್ಳಿ ಸಿಕ್ಕುತ್ತದೆ. ಸುತ್ತಿನವರ ಬಾಯಲ್ಲಿ ಅದು ‘ಸಂತೇಮರಳ್ಳಿ’. ಮೂಡಲಿಗೆ ಬಿಳಿಗಿರಿರಂಗನ ಬೆಟ್ಟದ ಸಾಲು. ಊರ ನಡುವೆ ದಾರಿಗಳು ಕೂಡುವ ವೃತ್ತ. ಹೆಸರಿನಲ್ಲೇ ಸಂತೆಯನ್ನು ಕಟ್ಟಿಕೊಂಡು ಬಂದ ಊರು. ಸಂತೆಯೆಂದರೆ ಬರಿಯ ಕೊಡುಕೊಳ್ಳುವ ವ್ಯವಹಾರವಲ್ಲ. ಬೇರೆ ಊರಿಗೆ ಕೊಟ್ಟ ಮಗಳ ಕ್ಷೇಮಸಮಾಚಾರ ತಾಯಿಗೆ ತಿಳಿಯುತ್ತಿದ್ದುದು ಸಂತೆಯಲ್ಲಿ; ಮಳೆ ಎಲ್ಲಿ ಬಿತ್ತು, ಎತ್ತಿನ ಬೆಲೆ ಎಲ್ಲಿ ಏರಿತು ಎಂಬ ವರ್ತಮಾನ ಹರಡುತ್ತಿದ್ದುದೂ ಅಲ್ಲಿಯೇ. ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಜನ ನೆರೆಯುತ್ತಾರೆ. ಗದ್ದಲದ ನಡುವೆ ತಮ್ಮವರ ದನಿಯನ್ನು ಗುರುತು ಹಿಡಿದು ನಾಲ್ಕು ಮಾತಾಡುತ್ತಾರೆ. ಹೊತ್ತು ಇಳಿಯಿತೆಂದರೆ ಚದುರುತ್ತಾರೆ.

ಇಂಥದೊಂದು ಸಂತೆ ೨೦೦೫ರಿಂದ ೨೦೧೪ರವರೆಗೆ ಈ ಊರಿನ ನೆತ್ತಿಯ ಮೇಲೂ ನೆರೆಯುತ್ತಿತ್ತೆಂದರೆ ಓದುಗರಿಗೆ ನಗು ಬರಬಹುದು. ಅಲ್ಲಿ ರಾಗಿಯಿಲ್ಲ, ಬೆಲ್ಲವಿಲ್ಲ, ಮಾತೊಂದೇ ಸರಕು. ಬೆಂಗಳೂರಿನಲ್ಲಿ ತಯಾರಾದ ‘ಹ್ಯಾಮ್‌ಸ್ಯಾಟ್’ ಎಂಬ ಪುಟ್ಟ ಉಪಗ್ರಹವೇ ಸಂತೆಮಾಳ. ದಿನಕ್ಕೆ ಕೆಲವು ಸಲ, ಸಲಕ್ಕೆ ಹತ್ತು ಹನ್ನೆರಡು ನಿಮಿಷ ಅದು ದಿಗಂತದ ಒಂದು ಅಂಚಿನಲ್ಲಿ ಮೂಡಿ ಇನ್ನೊಂದು ಅಂಚಿನಲ್ಲಿ ಮುಳುಗುವಷ್ಟರಲ್ಲಿ, ಸಣ್ಣ ರೇಡಿಯೋ ಯಂತ್ರಗಳನ್ನು ಇಟ್ಟುಕೊಂಡ ಹವ್ಯಾಸಿಗಳು ಅದರ ಮೂಲಕ ಒಬ್ಬರನ್ನೊಬ್ಬರು ಕರೆದು ಮಾತಾಡುತ್ತಿದ್ದರು. ಆ ಸಂತೆಯ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳುವುದು ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ಮೈಸೂರಿಗೆ ಹೋಗಿ ಬರಬೇಕು.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಒಂದು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಸರ್ಕಾರ ಕೇಳಿದ್ದಲ್ಲ, ಲಾಭ ಬರುವುದಲ್ಲ. ಅವರಿಗೆ ಅದರಲ್ಲಿ ಪ್ರೀತಿಯಿತ್ತು, ಅಷ್ಟೆ. ಕೈಯಿಂದ ಹಣ ಹಾಕಿ ಸಣ್ಣ ಪ್ರೇಷಕಯಂತ್ರವೊಂದನ್ನು ಇಟ್ಟುಕೊಂಡು ಊರಿಗೆ ಸಂಗೀತವನ್ನೂ ಕಾವ್ಯವನ್ನೂ ಕೇಳಿಸಿದರು. ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂತು. ಮುಂದೆ ಅದನ್ನು ಮೈಸೂರು ಸಂಸ್ಥಾನ ವಹಿಸಿಕೊಂಡಿತು; ಆ ಹೆಸರನ್ನೇ ೧೯೫೭ರಲ್ಲಿ ಭಾರತದ ಬಾನುಲಿಯೆಲ್ಲ ತನ್ನದಾಗಿ ಮಾಡಿಕೊಂಡಿತು. ಒಬ್ಬ ಅಧ್ಯಾಪಕನ ಹವ್ಯಾಸದಿಂದ ಒಂದು ದೇಶಕ್ಕೆ ಒಂದು ಶಬ್ದ ಸಿಕ್ಕಿತು.

ಆದರೆ ಆ ಶಬ್ದದಲ್ಲಿ ಒಂದು ಸ್ವಾರಸ್ಯವಿದೆ. ನಮ್ಮ ಪುರಾಣಗಳ ಆಕಾಶವಾಣಿ ಏಕಮುಖವಾದದ್ದು. ದೇವಕಿಯ ರಥ ಹೊಡೆಯುತ್ತಿದ್ದ ಕಂಸನಿಗೆ ಅಶರೀರವಾಣಿ ಕೇಳಿಸಿತು. ಅದಕ್ಕೆ ಮರುಪ್ರಶ್ನೆ ಹಾಕಲು ಅವನಿಗೆ ದಾರಿಯಿರಲಿಲ್ಲ. ಬಾನುಲಿಯೂ ಹಾಗೆಯೇ. ಅದು ನುಡಿಯುತ್ತದೆ, ನಾವು ಕೇಳುತ್ತೇವೆ. ಆಕಾಶಕ್ಕೆ ತಿರುಗಿ ಉತ್ತರ ಕೊಡುವ ಛಲ ಹಿಡಿದವರೇ ಹವ್ಯಾಸಿ ರೇಡಿಯೋದವರು. ಲೋಕವೆಲ್ಲ ಅವರನ್ನು ‘ಹ್ಯಾಮ್’ ಎಂದು ಕರೆಯುತ್ತದೆ. ಪರೀಕ್ಷೆ ಕಟ್ಟಿ ಪರವಾನಗಿ ಪಡೆದವರು, ತಮ್ಮದೇ ಕರೆಹೆಸರು ಉಳ್ಳವರು. ಭಾರತದವರ ಕರೆಹೆಸರು ಸಾಮಾನ್ಯವಾಗಿ ‘ವಿಯು’ ಎಂದು ಆರಂಭವಾಗುತ್ತದೆ. ಮಾತಾಡಿದ್ದಕ್ಕೆ ಗುರುತಾಗಿ ಒಬ್ಬರಿಗೊಬ್ಬರು ಅಂಚೆಯ ಕಾರ್ಡು ಕಳುಹಿಸುವ ಪದ್ಧತಿಯೂ ಅವರಲ್ಲಿದೆ. ಹಣಕ್ಕಾಗಿ ಮಾತಾಡುವಂತಿಲ್ಲ, ವ್ಯಾಪಾರದ ಮಾತು ಆಡುವಂತಿಲ್ಲ.

೧೯೫೭ರ ಅಕ್ಟೋಬರ್ ೪ರಂದು ಸೋವಿಯತ್ ರಷ್ಯವು ೮೩.೬ ಕಿಲೋಗ್ರಾಮಿನ ಸ್ಪುಟ್ನಿಕ್ಕನ್ನು ಹಾರಿಸಿದಾಗ ಅದರ ‘ಬೀಪ್ ಬೀಪ್’ ಸದ್ದನ್ನು ಲೋಕದಾದ್ಯಂತ ಕಿವಿಗೊಟ್ಟು ಕೇಳಿದವರಲ್ಲಿ ಈ ಹವ್ಯಾಸಿಗಳು ಮುಂದಿದ್ದರು. ಅದರ ಅಲೆಗಳು ಅವರ ಯಂತ್ರಗಳಿಗೆ ಸಿಕ್ಕುವಂತೆಯೇ ಇದ್ದವು. ಕೇಳಿದ್ದಾಯಿತು, ಇನ್ನು ನಮ್ಮದೂ ಒಂದು ಮೇಲಕ್ಕೆ ಹೋಗಬೇಡವೆ ಎಂದು ಅಮೆರಿಕದ ಕ್ಯಾಲಿಫೋರ್ನಿಯದ ಕೆಲವರು ಯೋಚಿಸಿದರು. ರಾಕೆಟ್ಟಿನ ತೂಕ ಸರಿದೂಗಿಸಲು ಇಡುತ್ತಿದ್ದ ಭಾರದ ಜಾಗವನ್ನು ಕೇಳಿ ಪಡೆದು, ಸುಮಾರು ನಾಲ್ಕೂವರೆ ಕಿಲೋಗ್ರಾಮಿನ ‘ಆಸ್ಕರ್-೧’ ಎಂಬ ಪೆಟ್ಟಿಗೆಯನ್ನು ೧೯೬೧ರ ಡಿಸೆಂಬರ್ ೧೨ರಂದು ಕಳುಹಿಸಿಯೇಬಿಟ್ಟರು. ಸ್ಪುಟ್ನಿಕ್ ಹಾರಿ ನಾಲ್ಕು ವರ್ಷ ಕಳೆದು ಎರಡು ತಿಂಗಳಾಗಿತ್ತು, ಅಷ್ಟೆ! ಆ ಪೆಟ್ಟಿಗೆಗೆ ಮಾರ್ಸ್ ಸಂಕೇತದಲ್ಲಿ ನಾಲ್ಕು ಚುಕ್ಕೆ, ಎರಡು ಚುಕ್ಕೆ ನುಡಿಯಲು ಬರುತ್ತಿತ್ತು. ‘ಹಾಯ್’ ಎಂದು ಅದರ ಅರ್ಥ. ಒಳಗಿನ ಶಾಖ ಏರಿದಂತೆ ಇಳಿದಂತೆ ಅದು ನುಡಿಯುವ ವೇಗವೂ ಬದಲಾಗುತ್ತಿತ್ತು. ಕೇಳಿದವರು ಗಡಿಯಾರ ಹಿಡಿದು ಎಣಿಸಿ ಉಪಗ್ರಹದ ಮೈಬಿಸಿಯನ್ನು ತಿಳಿಯುತ್ತಿದ್ದರು. ೨೮ ದೇಶಗಳಿಂದ ೫೭೦ಕ್ಕೂ ಹೆಚ್ಚು ಮಂದಿ ತಾವು ಕೇಳಿದ್ದನ್ನು ಬರೆದು ತಿಳಿಸಿದರು.

ಇವರ ಉಪಗ್ರಹಗಳಲ್ಲಿ ಆಸ್ಕರ್-೭ರ ಕಥೆ ಪುರಾಣಕ್ಕೆ ಸರಿಸಾಟಿ. ೧೯೭೪ರ ನವೆಂಬರಿನಲ್ಲಿ ಮೇಲೇರಿದ ಅದು ೧೯೮೧ರಲ್ಲಿ ಬ್ಯಾಟರಿ ಕೆಟ್ಟು ಮೂಕವಾಯಿತು. ಸತ್ತಿತೆಂದು ಎಲ್ಲರೂ ಮರೆತರು. ೨೦೦೨ರ ಜೂನ್ ೨೧ರಂದು ಅದರ ದನಿ ಮತ್ತೆ ಕೇಳಿಸಿತು. ಕೆಟ್ಟ ಬ್ಯಾಟರಿ ಕಾಲಕ್ರಮದಲ್ಲಿ ವಿದ್ಯುತ್ತಿನ ದಾರಿಗೆ ಅಡ್ಡ ನಿಲ್ಲುವುದನ್ನು ಬಿಟ್ಟಿದ್ದರಿಂದ ಸೂರ್ಯಫಲಕಗಳ ವಿದ್ಯುತ್ತು ನೇರವಾಗಿ ಯಂತ್ರಕ್ಕೆ ಹರಿದಿತ್ತು. ಅಂದಿನಿಂದ ಬಿಸಿಲಿನಲ್ಲಿ ಎಚ್ಚರ, ಭೂಮಿಯ ನೆರಳಿನಲ್ಲಿ ನಿದ್ದೆ. ಇಪ್ಪತ್ತೊಂದು ವರ್ಷದ ಮೇಲೆ ಅದು ಬದುಕಿದೆಯೆಂದು ತಿಳಿದದ್ದು ಹೇಗೆ? ಯಾರೋ ಒಬ್ಬ ಹವ್ಯಾಸಿ ಆ ಹೊತ್ತಿನಲ್ಲಿ ಕಿವಿಗೊಟ್ಟು ಕುಳಿತಿದ್ದ, ಅದರಿಂದ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಇನ್ನು ನಮ್ಮಲ್ಲಿಗೆ ಬರೋಣ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಪ್ರೊ. ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ತಯಾರಾದ ‘ಆರ್ಯಭಟ’ ೧೯೭೫ರ ಏಪ್ರಿಲ್ ೧೯ರಂದು ರಷ್ಯದ ನೆಲದಿಂದ ಹಾರಿತು. ಅದರ ಸಂಕೇತಗಳನ್ನು ಪಡೆಯಲು ಪೀಣ್ಯದಲ್ಲಿ ಜಾಗ ಸಾಲದೆ, ಶೌಚಾಲಯವೊಂದನ್ನೇ ಶುಚಿಮಾಡಿ ಯಂತ್ರದ ಕೋಣೆಯನ್ನಾಗಿ ಮಾಡಿಕೊಂಡದ್ದುಂಟು. ಸಂಬಳದ ವಿಜ್ಞಾನಿಗಳಾದರೂ ಅವರಲ್ಲಿದ್ದದ್ದು ಹವ್ಯಾಸಿಯ ಮನಸ್ಸೇ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಅದೇ ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ಮುಂದೆ ಹ್ಯಾಮ್‌ಗಳದೇ ಒಂದು ಸಂಘವೂ ಬೆಳೆಯಿತು. ಅದರ ಹೆಸರೇ ‘ಉಪಗ್ರಹ’.

೨೦೦೪ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಮಹಿಳೆಯ ನೇತೃತ್ವದಲ್ಲಿ ಹ್ಯಾಮ್‌ಗಳ ಒಂದು ತಂಡ ಅಂಡಮಾನಿಗೆ ಹೋಗಿತ್ತು. ಎಷ್ಟೋ ವರ್ಷಗಳಿಂದ ಹವ್ಯಾಸಿ ರೇಡಿಯೋ ನುಡಿಯದಿದ್ದ ದ್ವೀಪಗಳು ಅವು. ಅಲ್ಲಿಂದ ಲೋಕದ ಹ್ಯಾಮ್‌ಗಳೊಡನೆ ಮಾತಾಡುವ ಸಂತೋಷಕ್ಕೆಂದು ಹೋದವರು. ಡಿಸೆಂಬರ್ ೨೬ರ ಬೆಳಗ್ಗೆ ನೆಲ ನಡುಗಿತು, ಕಡಲು ಉಕ್ಕಿ ಬಂತು. ದೂರವಾಣಿಯ ತಂತಿಗಳು ನಿಶ್ಶಬ್ದವಾದವು. ಆ ತಂಡದ ಯಂತ್ರಗಳು ಮಾತ್ರ ನುಡಿಯುತ್ತಿದ್ದವು. ‘ನಮ್ಮವರು ಬದುಕಿದ್ದಾರೆಯೆ?’ ಎಂದು ಇತ್ತಣಿಂದ ಕೇಳಿದವರಿಗೆ ಅತ್ತಣ ಸುದ್ದಿಯನ್ನು ದಾಟಿಸಿದ್ದು ಅವು. ಸಂತೆಯಲ್ಲಿ ಮಗಳ ಕ್ಷೇಮ ವಿಚಾರಿಸುವ ತಾಯಿಯ ಪ್ರಶ್ನೆಯೇ ಅದು. ಹವ್ಯಾಸವೆಂದರೆ ಕಾಲಹರಣವೆಂದು ತಿಳಿದವರಿಗೆ ಆ ವಾರ ಒಂದು ಪಾಠವಾಯಿತು.

ಇದಾದ ಐದನೆಯ ತಿಂಗಳು, ೨೦೦೫ರ ಮೇ ೫ರಂದು, ಶ್ರೀಹರಿಕೋಟೆಯಿಂದ ಪಿಎಸ್‌ಎಲ್‌ವಿ ಹಾರಿತು. ೧,೫೬೦ ಕಿಲೋಗ್ರಾಮಿನ ಕಾರ್ಟೋಸ್ಯಾಟ್-೧ ಎಂಬ ದೊಡ್ಡಣ್ಣನ ಜೊತೆಯಲ್ಲಿ ೪೨.೫ ಕಿಲೋಗ್ರಾಮಿನ ಹ್ಯಾಮ್‌ಸ್ಯಾಟ್ ಕೂಡ ಹೋಯಿತು. ಒಂದು ಮೂಟೆ ಅಕ್ಕಿಯ ತೂಕವೂ ಇಲ್ಲ! ಅದರಲ್ಲಿ ಎರಡು ಟ್ರಾನ್ಸ್‌ಪಾಂಡರುಗಳಿದ್ದವು. ಟ್ರಾನ್ಸ್‌ಪಾಂಡರೆಂದರೆ ಕೆಳಗಿನ ಮಾತನ್ನು ಒಂದು ಅಲೆಯಲ್ಲಿ ಕೇಳಿ, ಇನ್ನೊಂದು ಅಲೆಯಲ್ಲಿ ಬಲಪಡಿಸಿ ಕೆಳಕ್ಕೆ ಕಳುಹಿಸುವ ಯಂತ್ರ. ಒಂದನ್ನು ನಮ್ಮವರು ಮಾಡಿದ್ದರು. ಇನ್ನೊಂದು ಹಾಲೆಂಡಿನ ಒಬ್ಬ ವಿದ್ಯಾರ್ಥಿ ಹವ್ಯಾಸಿಯದು. ಹವ್ಯಾಸಿಗಳ ಲೋಕ ಅದಕ್ಕೆ ‘ವಿಒ-೫೨’ ಎಂಬ ಕ್ರಮಸಂಖ್ಯೆ ಕೊಟ್ಟು ತನ್ನ ಬಳಗಕ್ಕೆ ಸೇರಿಸಿಕೊಂಡಿತು.

ಆ ಸಂತೆ ನೆರೆಯುತ್ತಿದ್ದ ಬಗೆಯೂ ಸ್ವಾರಸ್ಯವಾದದ್ದು. ನೆಲದಿಂದ ೬೦೦ ಕಿಲೋಮೀಟರಿಗೂ ಎತ್ತರದಲ್ಲಿ ಉಪಗ್ರಹ ಸುಮಾರು ೯೭ ನಿಮಿಷಕ್ಕೊಂದು ಸುತ್ತು ಬರುತ್ತಿತ್ತು. ಅದು ಬರುವ ಹೊತ್ತನ್ನು ಮೊದಲೇ ಗಣಿಸಿಕೊಂಡ ಹವ್ಯಾಸಿ, ಹಳೆಯ ಟಿವಿ ಆಂಟೆನಾದಂತೆ ಮೀನಿನ ಮುಳ್ಳಿನ ಆಕಾರದ ಕಡ್ಡಿಯನ್ನು ಕೈಯಲ್ಲಿ ಹಿಡಿದು ಮಾಳಿಗೆಯ ಮೇಲೆ ನಿಲ್ಲುತ್ತಾನೆ. ೪೩೫ ಮೆಗಾಹರ್ಟ್ಸಿನಲ್ಲಿ ಕರೆದರೆ ದನಿ ೧೪೫ ಮೆಗಾಹರ್ಟ್ಸಿನಲ್ಲಿ ಇಳಿಯುತ್ತದೆ. ಚಾಮರಾಜನಗರದ ರೈಲು ಸಮೀಪಿಸುವಾಗ ಸಿಳ್ಳು ಏರಿ, ದಾಟಿದೊಡನೆ ಇಳಿಯುವುದಿಲ್ಲವೆ? ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡುವ ಉಪಗ್ರಹದ ಸಂಕೇತವೂ ಹಾಗೆಯೇ ಜಾರುತ್ತದೆ. ಕೈ ತಿರುಗುಣಿಯ ಮೇಲೆಯೇ ಇರಬೇಕು. ಉಪಗ್ರಹದ ನೋಟಕ್ಕೆ ಒಮ್ಮೆಗೆ ಐದು ಸಾವಿರ ಕಿಲೋಮೀಟರ್ ಅಗಲದ ನೆಲ ಸಿಕ್ಕುತ್ತದೆ. ಅದರೊಳಗೆ ಬೆಂಗಳೂರೂ ಒಂದೇ, ಸಂತೆಮರಹಳ್ಳಿಯೂ ಒಂದೇ. ಊರಿನ ಮಾಳಿಗೆಯ ಮೇಲೆ ನಿಂತವನ ದನಿಗೆ ಅರಬ್ಬೀ ಕಡಲಿನ ಆಚೆಯ ಒಮಾನಿನಿಂದ ಉತ್ತರ ಬರಬಹುದಾಗಿತ್ತು. ಗೋಪುರ ಬೇಡ, ತಂತಿ ಬೇಡ, ತಿಂಗಳ ಬಾಡಿಗೆಯೂ ಬೇಡ.

ಎರಡು ವರ್ಷ ಬಾಳಿದರೆ ಸಾಕೆಂದು ಕಳುಹಿಸಿದ್ದ ಉಪಗ್ರಹ ಒಂಬತ್ತು ವರ್ಷ ಬಾಳಿತು. ಕೊನೆಗೆ ಅದಕ್ಕೂ ಬ್ಯಾಟರಿಯೇ ಮೃತ್ಯುವಾಯಿತು. ೨೦೧೪ರ ಜುಲೈ ೧೧ರಂದು ಅದರ ಸೇವೆ ಮುಗಿಯಿತು. ಸಂತೆ ಚದುರಿತು.

ಆದರೆ ಚದುರಿದ ಸಂತೆ ಬರಿದಾಗಲಿಲ್ಲ. ೨೦೧೦ರಲ್ಲಿಯೇ ಬೆಂಗಳೂರು, ಹೈದರಾಬಾದುಗಳ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೂಡಿ ಒಂದು ಕಿಲೋಗ್ರಾಮಿಗೂ ಕಡಿಮೆ ತೂಗುವ ‘ಸ್ಟಡ್‌ಸ್ಯಾಟ್’ ಮಾಡಿ ಕಳುಹಿಸಿದ್ದರು. ೨೦೨೪ರ ಡಿಸೆಂಬರ್ ೩೦ರಂದು ಹಾರಿದ ಪಿಎಸ್‌ಎಲ್‌ವಿ-ಸಿ೬೦ರ ಕೊನೆಯ ಹಂತದಲ್ಲಿ ಚಿಕ್ಕಬಳ್ಳಾಪುರದ ಎಸ್‌ಜೆಸಿ ತಾಂತ್ರಿಕ ಮಹಾವಿದ್ಯಾಲಯದವರು ಮಾಡಿದ ‘ಬಿಜಿಎಸ್ ಅರ್ಪಿತ್’ ಎಂಬ ಹವ್ಯಾಸಿ ರೇಡಿಯೋ ಪೆಟ್ಟಿಗೆಯಿತ್ತು. ದನಿಯನ್ನೂ ಬರಹವನ್ನೂ ಚಿತ್ರವನ್ನೂ ನೆಲದ ಹವ್ಯಾಸಿಗಳಿಗೆ ಕಳುಹಿಸುವುದು ಅದರ ಕೆಲಸ. ಅದನ್ನು ಹೊತ್ತಿದ್ದ ರಾಕೆಟ್ಟಿನ ಭಾಗ ೨೦೨೫ರ ಏಪ್ರಿಲಿನಲ್ಲಿ ವಾತಾವರಣಕ್ಕೆ ಮರಳಿ ಲಯವಾಯಿತು. ಮೂರು ತಿಂಗಳ ಆಯುಸ್ಸೆಂದು ಮರುಗಬೇಕಾಗಿಲ್ಲ. ಆಸ್ಕರ್-೧ ನುಡಿದದ್ದು ಮೂರೇ ವಾರ.

ಅದೇ ವರ್ಷ ಜುಲೈ ೪ರಂದು ಇನ್ನೊಂದು ಸಂಗತಿ ನಡೆಯಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಅವರೊಡನೆ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳು ಹ್ಯಾಮ್ ರೇಡಿಯೋ ಮೂಲಕ ಮಾತಾಡಿದರು. ೧೯೮೪ರಲ್ಲಿ ರಾಕೇಶ ಶರ್ಮರು ಅಂತರಿಕ್ಷಕ್ಕೆ ಹೋದಾಗ ಅವರೊಡನೆ ಮಾತಾಡಿದವರು ಪ್ರಧಾನಮಂತ್ರಿ. ದೇಶವೆಲ್ಲ ಕುಳಿತು ಕೇಳಿತು. ೨೦೨೫ರಲ್ಲಿ ಮಕ್ಕಳೇ ಪ್ರಶ್ನೆ ಕೇಳಿದರು, ಆಕಾಶ ಉತ್ತರ ಕೊಟ್ಟಿತು. ಮೈಸೂರಿನ ವಿಠ್ಠಲ ವಿಹಾರದಿಂದ ಹೊರಟ ದಾರಿ ತೊಂಬತ್ತು ವರ್ಷಗಳಲ್ಲಿ ಇಲ್ಲಿಗೆ ಬಂದು ಮುಟ್ಟಿತು.

ಇಷ್ಟನ್ನೆಲ್ಲ ಓದಿ, ‘ಕಿಸೆಯಲ್ಲಿ ಮೊಬೈಲಿರುವಾಗ ಈ ಕಡ್ಡಿ ಹಿಡಿದು ನಿಲ್ಲುವ ಕಷ್ಟವೇಕೆ ಸ್ವಾಮಿ?’ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಮೊಬೈಲು ಇನ್ನೊಬ್ಬರು ಕಟ್ಟಿದ ಸೇತುವೆ. ಸುಂಕ ಕೊಟ್ಟು ದಾಟುತ್ತೇವೆ. ಸೇತುವೆ ಕೊಚ್ಚಿಹೋದ ದಿನ ಈಜು ಬಲ್ಲವರು ನಾಲ್ಕು ಮಂದಿಯಾದರೂ ಊರಿನಲ್ಲಿರಬೇಕು. ಅಂಡಮಾನಿನಲ್ಲಿ ಇದ್ದರು. ಈ ಈಜನ್ನು ಪುಸ್ತಕ ಓದಿ ಆಪತ್ತಿನ ದಿನ ಕಲಿಯಲಾಗದು. ಏನೂ ಆಪತ್ತಿಲ್ಲದ ಸಂಜೆಗಳಲ್ಲಿ, ಕೇವಲ ಸಂತೋಷಕ್ಕಾಗಿ, ಕಲಿತಿರಬೇಕು. ಉಪಗ್ರಹವನ್ನು ಸರ್ಕಾರ ಹಾರಿಸಿಕೊಡಬಹುದು. ಆದರೆ ಕೆಳಗಿನಿಂದ ಕರೆಯುವವರು ಇಲ್ಲದಿದ್ದರೆ ಅದು ಜನವಿಲ್ಲದ ಸಂತೆಮಾಳ. ಕೇಳುವವನಿರಲಿಲ್ಲವಾದರೆ ಆಸ್ಕರ್-೭ ಬದುಕಿದ್ದೂ ಸತ್ತಂತೆಯೇ ಇರುತ್ತಿತ್ತಲ್ಲವೆ?

ಒಬ್ಬನ ದನಿಯಿಂದ ಏನಾದೀತು ಎಂಬ ಮಾತನ್ನು ಬೇರೆ ಯಾವ ಊರಿನಲ್ಲಾದರೂ ಆಡಬಹುದು, ಸಂತೆಮರಹಳ್ಳಿಯಲ್ಲಿ ಆಡುವಂತಿಲ್ಲ. ೨೦೦೪ರ ವಿಧಾನಸಭಾ ಚುನಾವಣೆಯಲ್ಲಿ ಈ ಕ್ಷೇತ್ರದಲ್ಲಿ ಗೆದ್ದವರಿಗೆ ಬಂದದ್ದು ೪೦,೭೫೨ ಮತ, ಸೋತವರಿಗೆ ೪೦,೭೫೧. ಒಂದು ದನಿಯ ಬೆಲೆಯನ್ನು ಈ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾತ್ರಿಯೆಲ್ಲ ಮಾದಪ್ಪನ ಕಥೆ, ಮಂಟೇಸ್ವಾಮಿಯ ಕಥೆ ಹಾಡಿ ದನಿಯನ್ನೇ ಆಸ್ತಿಯಾಗಿ ಉಳಿಸಿಕೊಂಡು ಬಂದ ಸೀಮೆಯಿದು.

ಏಪ್ರಿಲ್ ೧೮ ಪ್ರತಿವರ್ಷ ವಿಶ್ವ ಹವ್ಯಾಸಿ ರೇಡಿಯೋ ದಿನ. ೧೯೨೫ರಲ್ಲಿ ಪ್ಯಾರಿಸ್ಸಿನಲ್ಲಿ ಹ್ಯಾಮ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ ನೆನಪು. ಅಕ್ಟೋಬರಿನ ನಡುವೆ ಲೋಕದ ಸ್ಕೌಟ್ ಬಾಲಕ ಬಾಲಕಿಯರು ಹ್ಯಾಮ್ ರೇಡಿಯೋ ಮೂಲಕ ದೇಶದೇಶಗಳ ಗೆಳೆಯರೊಡನೆ ಮಾತಾಡುವ ಎರಡು ಮೂರು ದಿನಗಳ ಜಾತ್ರೆ ನಡೆಯುತ್ತದೆ. ನಮ್ಮ ಪ್ರೌಢಶಾಲೆಗಳಲ್ಲಿ ಸ್ಕೌಟ್ ದಳಗಳಿಗೆ ಕೊರತೆಯಿಲ್ಲ. ಬೆಂಗಳೂರಿನಲ್ಲಿ ಕಲಿಸಬಲ್ಲ ಹಿರಿಯ ಹವ್ಯಾಸಿಗಳಿಗೂ ಕೊರತೆಯಿಲ್ಲ. ಇಬ್ಬರನ್ನೂ ಒಂದು ಕಡೆ ಕೂಡಿಸುವವರು ಬೇಕು, ಅಷ್ಟೆ. ಬಾನಿನಲ್ಲಿ ಸಂತೆ ಮತ್ತೆ ನೆರೆಯುತ್ತದೆ. ಉಪಗ್ರಹಗಳು ಬರುತ್ತವೆ, ಹೋಗುತ್ತವೆ. ಆ ದಿನ ನಮ್ಮ ಯಾವುದಾದರೂ ಒಂದು ಹಳ್ಳಿಯ ಶಾಲೆಯ ಮಾಳಿಗೆಯಿಂದ ಒಬ್ಬ ಹುಡುಗಿ ತನ್ನ ಕರೆಹೆಸರು ಹೇಳಿ, ‘ಯಾರಾದರೂ ಕೇಳುತ್ತಿದ್ದೀರಾ?’ ಎಂದು ಕೂಗಿ ಕರೆಯುವಂತಾಗಲಿ. ಕೇಳುವವರು ಇದ್ದೇ ಇರುತ್ತಾರೆ.