ರೆಪ್ಪೆಯ ಗಂಟು, ಮನೆತನದ ಎಳೆ

ಕಣ್ಣುರೆಪ್ಪೆಯಲ್ಲಿ ಗಂಟೆದ್ದರೆ ಕೊಯಮತ್ತೂರು ಸೀಮೆಯ ಕನ್ನಡ ಮಾತಾಡುವ ದೇವಾಂಗ ನೇಕಾರರ ಮನೆಯಲ್ಲಾಗಲಿ, ತಿರುಪ್ಪೂರಿನ ಬನಿಯನ್ ಕಂಪನಿಯ ಹೊಲಿಗೆ ಮಷೀನಿನ ಮುಂದಾಗಲಿ ಯಾರೂ ಗಾಬರಿಯಾಗುವುದಿಲ್ಲ. ಕುರು ಎಂದು ಬಿಸಿ ಬಟ್ಟೆಯ ಶಾಖ ಕೊಡುತ್ತಾರೆ. ಬಹಳ ಸಲ ಅದೇ ಸರಿ. ಆದರೆ ಕೊಯ್ದು ತೆಗೆದ ಮೇಲೂ ಅದೇ ಜಾಗದಲ್ಲಿ ಮರಳಿ, ರೆಪ್ಪೆಗೂದಲು ಉದುರಿಸುವ ಗಂಟಿನ ಮಾತು ಬೇರೆ. ಎಣ್ಣೆಗ್ರಂಥಿಯ ಕ್ಯಾನ್ಸರ್ ಕುರುವಿನ ವೇಷ ಹಾಕಿ ತಿಂಗಳುಗಟ್ಟಲೆ ವೈದ್ಯರನ್ನೂ ಏಮಾರಿಸಬಲ್ಲದು.

ಬಿಳಿಯರ ನಾಡಿನ ಪಠ್ಯಪುಸ್ತಕಗಳು ಈ ಕ್ಯಾನ್ಸರನ್ನು ಅಪರೂಪದ್ದೆನ್ನುತ್ತವೆ. ಅಲ್ಲಿ ರೆಪ್ಪೆಯ ಕ್ಯಾನ್ಸರೆಂದರೆ ಬಹುಪಾಲು ಬೇಸಲ್ ಸೆಲ್ ಎಂಬ ಚರ್ಮದ ಕ್ಯಾನ್ಸರ್. ಆದರೆ ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ ರೆಪ್ಪೆಯ ಕ್ಯಾನ್ಸರಿನ 536 ರೋಗಿಗಳ ಲೆಕ್ಕ ತೆಗೆದಾಗ ಅರ್ಧಕ್ಕೂ ಹೆಚ್ಚು ಎಣ್ಣೆಗ್ರಂಥಿಯದ್ದು, ಬೇಸಲ್ ಸೆಲ್ ಸುಮಾರು ಕಾಲುಭಾಗ. 1997ರಲ್ಲಿ ಕೊಯಮತ್ತೂರಿಗೆ ಅರವಿಂದ ಕಣ್ಣಾಸ್ಪತ್ರೆ ಬಂದ ಮೇಲೆ ಇಲ್ಲಿಯವರಿಗೆ ಮದುರೆಯವರೆಗೆ ಹೋಗುವ ಕಷ್ಟ ತಪ್ಪಿತು. ಆದರೂ ಕೊಯ್ದ ಚೂರನ್ನು ಪೆಥಾಲಜಿಗೆ ಕಳಿಸದೆ ಬಿಸಾಡಿದರೆ ಎಷ್ಟು ದೊಡ್ಡ ಆಸ್ಪತ್ರೆಯಿದ್ದೂ ಫಲವಿಲ್ಲ.

ಕ್ಯಾನ್ಸರೆಂದು ಖಚಿತವಾದ ರೋಗಿಗೆ ವಯಸ್ಸಾಗಿದ್ದರೆ ವಿಚಾರಣೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಮೂವತ್ತು-ನಲವತ್ತರವರಾದರೆ ಮನೆತನವನ್ನೂ ವಿಚಾರಿಸಬೇಕು. ಈ ತಿಳಿವಳಿಕೆ ಶುರುವಾದದ್ದು ಕಣ್ಣಿನಿಂದಲ್ಲ. 1895ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು, ತನ್ನ ಮನೆಯವರಂತೆ ತಾನೂ ಕ್ಯಾನ್ಸರಿನಿಂದಲೇ ಸಾಯುವೆನೆಂದು ಪೆಥಾಲಜಿಸ್ಟ್ ಆಲ್ಡ್ರೆಡ್ ವಾರ್ಥಿನ್‌ಗೆ ಹೇಳಿದಳು. ಹಾಗೇ ಆಯಿತು. ಅವಳ ವಂಶವನ್ನು ಅವರು 1913ರಲ್ಲಿ ಬರೆದಿಟ್ಟರು. ಹೆನ್ರಿ ಲಿಂಚ್ 1966ರಲ್ಲಿ ಇಂಥ ಕುಟುಂಬಗಳನ್ನು ವರ್ಣಿಸಿದರು. ಚರ್ಮದ ಎಣ್ಣೆಗ್ರಂಥಿಯ ಗಡ್ಡೆಗೂ ಒಡಲೊಳಗಿನ ಕ್ಯಾನ್ಸರಿಗೂ ನಂಟಿದೆಯೆಂದು 1967ರಲ್ಲಿ ಮ್ಯೂರ್, 1968ರಲ್ಲಿ ಟಾರೆ ತೋರಿಸಿದರು. 1993ರಲ್ಲಿ ಈ ಕುಟುಂಬಗಳ ಕ್ಯಾನ್ಸರಿಗೂ ಈ ನಂಟಿಗೂ ಕಾರಣವಾಗಬಲ್ಲ ಎಂಎಸ್‌ಎಚ್2 ಜೀನು ಸಿಕ್ಕಿತು. ಮಗ್ಗದಲ್ಲಿ ಕಡಿದ ಎಳೆಗೆ ಗಂಟು ಹಾಕುವವನಂತೆ ಅದು ಡಿಎನ್‌ಎ ನಕಲಿನ ತಪ್ಪು ತಿದ್ದುತ್ತದೆ. ಅದು ಕೆಟ್ಟಿದ್ದರೆ ಕರುಳು, ಗರ್ಭಕೋಶಗಳಿಗೂ ಅಪಾಯ. ಆ ಕೆಟ್ಟ ಜೀನು ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ದಾಟುವ ಸಂಭವ ಅರ್ಧದಷ್ಟು. ಆದರೆ ರೆಪ್ಪೆಯ ಎಣ್ಣೆಗ್ರಂಥಿ ಕ್ಯಾನ್ಸರುಗಳಲ್ಲಿ ಬಹುಪಾಲು ಆನುವಂಶಿಕವಲ್ಲ. ಇದನ್ನು ಮೊದಲೇ ಹೇಳದಿದ್ದರೆ ಮನೆಮಂದಿಯೆಲ್ಲ ನಿದ್ದೆಗೆಡುತ್ತಾರೆ.

ಬಿಸಿಲು ತಡೆಯದ ಜೆರೋಡರ್ಮ ಪಿಗ್ಮೆಂಟೋಸಮ್ ಎಂಬ ಇನ್ನೊಂದು ಆನುವಂಶಿಕ ರೋಗದ ದಾರಿ ಬೇರೆ. ಬಿಸಿಲಿನಿಂದ ಕೆಟ್ಟ ಡಿಎನ್‌ಎ ಅಲ್ಲಿ ದುರಸ್ತಿಯಾಗುವುದಿಲ್ಲವೆಂದು ಜೇಮ್ಸ್ ಕ್ಲೀವರ್ ಕಂಡುಹಿಡಿದದ್ದೂ 1968ರಲ್ಲೇ. ತಂದೆತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ರೋಗ. ಚಿಕ್ಕಂದಿನಲ್ಲೇ ಮುಖದ ತುಂಬ ಮಚ್ಚೆ, ರೆಪ್ಪೆಯ ಮೇಲೆ ಕ್ಯಾನ್ಸರ್. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯಿರುವ ನಮ್ಮಲ್ಲಿ ತಂದೆತಾಯಿ ರಕ್ತಸಂಬಂಧಿಗಳೇ ಎಂದು ವಿಚಾರಿಸಲು ಸಂಕೋಚ ಸಲ್ಲದು.

ಈಗ ಪೆಥಾಲಜಿಯಲ್ಲಿ ಮೇಣದಲ್ಲಿಟ್ಟ, ರೆಪ್ಪೆಯಿಂದ ಕೊಯ್ದ ಅದೇ ಚೂರಿಗೆ ಬಣ್ಣ ಹಾಕಿ, ಎಂಎಸ್‌ಎಚ್2 ಸೇರಿ ನಕಲಿನ ತಪ್ಪು ತಿದ್ದುವ ನಾಲ್ಕು ಪ್ರೋಟೀನುಗಳು ಇವೆಯೋ ಇಲ್ಲವೋ ನೋಡಬಹುದು. ಆದರೆ ಮನೆತನದ ಪ್ರಶ್ನೆ ಕೇಳುವುದಕ್ಕೂ ಹದ ಬೇಕು. ನಿಮ್ಮಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ ಎಂದರೆ ಉತ್ತರ ಇಲ್ಲವೆಂದೇ. ಅಜ್ಜಿ ಹೇಗೆ ಹೋದರಮ್ಮಾ ಎಂದು ಕೇಳಿನೋಡಿ: ಹೊಟ್ಟೆನೋವು ಬಂದು, ರಕ್ತ ಹೋಗಿ, ನಲವತ್ತೈದಕ್ಕೇ.