ಆರಂಭಿಕ ಶ್ವಾಸಕೋಶ ಕ್ಯಾನ್ಸರ್: ಚಿತ್ರ ನೋಡಿ ಮುಂದಿನದನ್ನು ಅಳೆಯುವ ವಿದ್ಯೆ

ಶ್ವಾಸಕೋಶದ ಗಂಟು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಮೊದಲ ಪ್ರಶ್ನೆ. ಚಿಕಿತ್ಸೆಯ ನಂತರ ಅದು ಮರುಕಳಿಸೀತೇ ಎಂಬುದು ಇನ್ನೂ ಕಷ್ಟದ ಪ್ರಶ್ನೆ. ಇದಕ್ಕೆ ಚಿತ್ರದಲ್ಲೇ ಉತ್ತರ ಹುಡುಕುವ ಪ್ರಯತ್ನದಲ್ಲಿ ಬಹುಕಾಲ ಗಂಟಿನ ಗಾತ್ರವೇ ಮುಖ್ಯ ಆಧಾರವಾಗಿತ್ತು.

1971ರಲ್ಲಿ ಲಂಡನ್ನಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರ ಮೊದಲ ರೋಗಿಯ ಮಿದುಳನ್ನು ಚಿತ್ರಿಸಿತು. ಮುಂದೆ ತೆಳು ಪದರಗಳ ಸ್ಕ್ಯಾನ್ ಬಂದಾಗ ಶ್ವಾಸಕೋಶದ ಗಂಟುಗಳ ಒಳರೂಪ ತೆರೆದುಕೊಂಡಿತು. ಕೆಲವು ಗಟ್ಟಿ ಬಿಳುಪು. ಕೆಲವು ಉಜ್ಜಿದ ಗಾಜಿನಂತೆ ಮಸುಕು, ಒಳಗಿನ ರಕ್ತನಾಳಗಳೂ ಕಾಣುವಷ್ಟು. 1995ರಲ್ಲಿ ಜಪಾನಿನ ಮಸಾಯುಕಿ ನೊಗುಚಿ ಮತ್ತು ಸಂಗಡಿಗರು ಅಡಿನೊಕಾರ್ಸಿನೋಮಾ ಎಂಬ ಬಗೆಯ ಸಣ್ಣ ಶ್ವಾಸಕೋಶ ಕ್ಯಾನ್ಸರ್‌ಗಳನ್ನು ಸೂಕ್ಷ್ಮದರ್ಶಕದಡಿ ಆರು ಬಗೆಯಾಗಿ ವಿಂಗಡಿಸಿದರು. ವಾಯುಕೋಶಗಳ ಗೋಡೆಗುಂಟ ಹರಡಿಯೂ ಅವನ್ನು ಕೆಡವದ ಗಡ್ಡೆಗಳು ಶಸ್ತ್ರಚಿಕಿತ್ಸೆಯ ನಂತರ ಮರುಕಳಿಸುವುದು ತೀರ ಅಪರೂಪ. ಸ್ಕ್ಯಾನಿನಲ್ಲಿ ಮಸುಕಾಗಿ ಕಾಣುವವು ಹೆಚ್ಚಾಗಿ ಇವೇ.

ಇಲ್ಲಿಂದ ಹುಟ್ಟಿದ ಅಳತೆ ಬಹಳ ಸರಳ: ಇಡೀ ಗಂಟಿನ ಅಗಲದಲ್ಲಿ ಗಟ್ಟಿ ಭಾಗದ ಪಾಲೆಷ್ಟು? 1995ರಲ್ಲೇ ಉತ್ತರ ಅಮೆರಿಕದ ಪರೀಕ್ಷೆಯೊಂದು, ಸ್ವಲ್ಪವೇ ಕತ್ತರಿಸಿದರೆ ರೋಗ ಅಲ್ಲೇ ಮರಳುವುದು ಹೆಚ್ಚೆಂದು ತೋರಿಸಿತ್ತು. ಹಾಗಾಗಿ ಇಡೀ ಹಾಲೆ ತೆಗೆಯುವುದೇ ರೂಢಿಯಾಗಿತ್ತು. ಜಪಾನಿನ ವೈದ್ಯರು ಎರಡು ಸೆಂಟಿಮೀಟರ್ ಮೀರದ, ಗಟ್ಟಿ ಭಾಗ ಕಾಲುಪಾಲು ದಾಟದ ಗಂಟುಗಳಿರುವವರನ್ನು ಆಯ್ದು ಶ್ವಾಸಕೋಶದ ಸಣ್ಣ ಭಾಗವನ್ನಷ್ಟೇ ತೆಗೆದರು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಐದು ವರ್ಷದ ಬಳಿಕ ಮರುಕಳಿಕೆಯಿಲ್ಲದೆ ಬದುಕಿದ್ದವರು ಶೇ. 99.7. ಚಿತ್ರದ ಮೇಲಿನ ಅಳತೆಯೊಂದು ರೋಗಿಯ ಉಸಿರಿನ ಪಾಲನ್ನು ಉಳಿಸಿಕೊಟ್ಟಿದ್ದು ಈ ಇತಿಹಾಸದ ಅತ್ಯಂತ ದೊಡ್ಡ ಗೆಲುವು.

ಸಿ.ಟಿ. ಗಡ್ಡೆಯ ರೂಪವನ್ನು ತೋರಿಸಿದರೆ, ಪೆಟ್ ಸ್ಕ್ಯಾನ್ ಅದರ ಸಕ್ಕರೆಯ ಹಸಿವನ್ನು ತೋರಿಸುತ್ತದೆ. ಹೆಚ್ಚು ಹೊಳೆಯುವ ಗಡ್ಡೆ ಸಾಮಾನ್ಯವಾಗಿ ಹೆಚ್ಚು ಉಗ್ರ. ಆದರೆ ಕ್ಷಯದ ಗಂಟೂ ಹೊಳೆಯುವುದರಿಂದ, ಆ ರೋಗ ವ್ಯಾಪಕವಾಗಿರುವ ಭಾರತದಲ್ಲಿ ಈ ಓದಿಗೆ ವಿಶೇಷ ಎಚ್ಚರ ಬೇಕು.

2012ರಲ್ಲಿ ನೆದರ್ಲೆಂಡ್ಸ್‌ನ ಫಿಲಿಪ್ ಲಾಂಬಿನ್ ಮತ್ತು ಸಂಗಡಿಗರು ಚಿತ್ರದ ಲಕ್ಷಣಗಳನ್ನು ಗಣಕದಿಂದಲೇ ಅಳೆಯುವ ರೇಡಿಯೊಮಿಕ್ಸ್ ಎಂಬ ಮಾರ್ಗವನ್ನು ಮಂಡಿಸಿದರು. ಎರಡು ವರ್ಷಗಳ ಬಳಿಕ ಹ್ಯೂಗೊ ಆರ್ಟ್ಸ್ ತಂಡ 1,019 ರೋಗಿಗಳ ಸಿ.ಟಿ. ಚಿತ್ರಗಳಿಂದ 440 ಲಕ್ಷಣಗಳನ್ನು ಗಣಕದಿಂದ ಎಣಿಸಿ ಆಯುಷ್ಯದ ಮುನ್ಸೂಚನೆಗೆ ಯತ್ನಿಸಿತು. 2019ರ ಮರುಪರಿಶೀಲನೆಯಲ್ಲಿ ಆ ಸೂಚನೆಯ ಬಲ ಬಹುಪಾಲು ಗಡ್ಡೆಯ ಗಾತ್ರದಿಂದಲೇ ಬಂದದ್ದೆಂದು ತಿಳಿಯಿತು. ಇಂಥ ಮರುಪರಿಶೀಲನೆಯೂ ಶೋಧದಷ್ಟೇ ಬೆಲೆಯುಳ್ಳದ್ದು.

ಶಸ್ತ್ರಚಿಕಿತ್ಸೆ ತಾಳಲಾರದವರಿಗೆ ಕೆಲವೇ ಸರದಿಗಳಲ್ಲಿ ಗುರಿಯಿಟ್ಟು ಕೊಡುವ ತೀವ್ರ ವಿಕಿರಣ ಚಿಕಿತ್ಸೆಯಲ್ಲಿ ಕತ್ತರಿಸಿ ತೆಗೆದ ಗಡ್ಡೆ ಪ್ರಯೋಗಾಲಯಕ್ಕೆ ಸಿಗುವುದಿಲ್ಲ. ಚಿತ್ರದ ಮೇಲಿನ ಭಾರ ಅಲ್ಲಿ ಇನ್ನೂ ಹೆಚ್ಚು. ವಿಕಿರಣದಿಂದಾದ ಗಾಯದ ಕಲೆಯೂ ಮರಳಿದ ಗಡ್ಡೆಯಂತೆಯೇ ಕಾಣಬಹುದಾದ್ದರಿಂದ, ವೈದ್ಯರು ತಿಂಗಳುಗಳ ಅಂತರದ ಸ್ಕ್ಯಾನುಗಳನ್ನು ಪಕ್ಕಪಕ್ಕದಲ್ಲಿಟ್ಟು ಆ ಕಲೆ ಬೆಳೆಯುತ್ತಿದೆಯೇ ಎಂದು ನೋಡುತ್ತಾರೆ.